ಅಲ್ಪವಿರಾಮಕ್ಕಿರುವ ಮರ್ಯಾದೆ ಹೆಸರಿಗಿಲ್ಲ

ಗಿಂಡಿ, ತರಮಣಿ, ಅಡ್ಯಾರ್ ಸುತ್ತಮುತ್ತ ಪಿಎಚ್.ಡಿ. ಮಾಡಿಕೊಂಡಿರುವ ನಮ್ಮ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಪ್ರಯೋಗ ಮುಗಿದು, ಪೇಪರ್ ಬರೆದು, ಗೈಡ್ ಕೂಡ ಹೂಂ ಅಂದ ಮೇಲೂ ರೆಫರೆನ್ಸ್ ಪಟ್ಟಿಯ ಮುಂದೆ ರಾತ್ರಿಗಟ್ಟಲೆ ಕೂರಬೇಕು. ವರ್ಷ ಆವರಣದ ಒಳಗೋ ಹೊರಗೋ? ಸಂಪುಟದ ಸಂಖ್ಯೆ ದಪ್ಪಗೋ ತೆಳ್ಳಗೋ? ಲೇಖಕರ ಹೆಸರುಗಳ ನಡುವೆ ಅಲ್ಪವಿರಾಮವೋ ಅರ್ಧವಿರಾಮವೋ? ಇಷ್ಟೆಲ್ಲ ಮಾಡಿದ ಮೇಲೆ ಆ ಜರ್ನಲ್ ಬೇಡ ಅಂದರೆ, ಮುಂದಿನ ಜರ್ನಲ್ಲಿಗೆ ಇಡೀ ಪಟ್ಟಿಗೆ ಹೊಸ ವೇಷ ಹಾಕಬೇಕು. ನನ್ನದೊಂದು ಹಸ್ತಪ್ರತಿ, ಒಬ್ಬ ವಿಮರ್ಶಕನೂ ಓದುವ ಮೊದಲೇ, ಉಲ್ಲೇಖಗಳು ನಮ್ಮ ಶೈಲಿಯಲ್ಲಿಲ್ಲ ಎಂಬ ಒಂದು ಸಾಲಿನ ಮೇಲ್‌ನೊಂದಿಗೆ ವಾಪಸ್ ಬಂದಿತ್ತು.

2019ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ 41 ದೇಶಗಳ 372 ಮಂದಿಯನ್ನು ಕೇಳಿತು. ಚಿತ್ರ, ಕೋಷ್ಟಕ, ರೆಫರೆನ್ಸ್ ಎಲ್ಲ ಸೇರಿ ಒಂದು ಹಸ್ತಪ್ರತಿಯ ಫಾರ್ಮ್ಯಾಟಿಂಗಿಗೆ ಸುಮಾರು 14 ಗಂಟೆ, ಒಬ್ಬೊಬ್ಬರಿಗೆ ವರ್ಷಕ್ಕೆ 52 ಗಂಟೆ ಹೋಗುತ್ತದೆ ಎಂದು ಲೆಕ್ಕ ಸಿಕ್ಕಿತು. ಇದನ್ನು ಶಿಸ್ತು ಎಂದು ಕರೆಯುವವರಿದ್ದಾರೆ. ನನಗೆ ಇದು ಬಿಟ್ಟಿ ಚಾಕರಿ.

ಯಾಕೆಂದರೆ ಈ ಕೆಲಸ ಇನ್ನೊಮ್ಮೆ ನಡೆಯುತ್ತದೆ, ಅದೂ ಇದೇ ಊರಿನಲ್ಲಿ. ಲಂಡನ್, ಆಮ್‌ಸ್ಟರ್‌ಡ್ಯಾಮ್ ವಿಳಾಸ ಹೊತ್ತ ಎಷ್ಟೋ ಜರ್ನಲ್‌ಗಳ ಕಾಪಿ ಎಡಿಟಿಂಗ್, ಪುಟ ಜೋಡಣೆ ನಡೆಯುವುದು ಚೆನ್ನೈನಲ್ಲಿ. ಟಿಎನ್‌ಕ್ಯು, ನ್ಯೂಜೆನ್ ಥರದ ಕಂಪನಿಗಳು ಬೆಳೆದಿರುವುದೇ ಈ ಕೆಲಸದಿಂದ. ಒಪ್ಪಿಗೆಯಾದ ಪೇಪರ್ ಅಲ್ಲಿಗೆ ಹೋದಾಗ ಪ್ರತಿಯೊಂದು ಉಲ್ಲೇಖವನ್ನೂ ಬಿಡಿಬಿಡಿಯಾಗಿ ಒಡೆಯುತ್ತಾರೆ. ಇದು ಸರ್‌ನೇಮ್, ಇದು ಸ್ವಂತ ಹೆಸರು, ಇದು ವರ್ಷ, ಇದು ಸಂಪುಟ ಎಂದು ಒಂದೊಂದಕ್ಕೂ ಎಕ್ಸ್‌ಎಂಎಲ್ ಗುರುತು ಹಾಕುತ್ತಾರೆ. ಆಮೇಲೆ ಜರ್ನಲ್ಲಿನ ಶೈಲಿಯನ್ನು ಸಾಫ್ಟ್‌ವೇರ್ ತಾನೇ ಹೊದಿಸುತ್ತದೆ. ನೀವು ರಾತ್ರಿಯೆಲ್ಲ ಕೂತು ಜೋಡಿಸಿದ ಅಲ್ಪವಿರಾಮವನ್ನು ಅಲ್ಲಿ ಕಿತ್ತು, ತಮ್ಮದನ್ನು ಹಾಕುತ್ತಾರೆ.

1978ರಲ್ಲಿ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ವ್ಯಾಂಕೂವರಿನಲ್ಲಿ ಸೇರಿ, ಎಲ್ಲರಿಗೂ ಒಂದೇ ಪದ್ಧತಿ ಇರಲಿ ಎಂದು ಯೋಚಿಸಿದ್ದರು. ಇವತ್ತು ಝೊಟೆರೋದಂಥ ತಂತ್ರಾಂಶಗಳು ಬಳಸುವ ಶೈಲಿಗಳ ಭಂಡಾರದಲ್ಲಿ 10,000ಕ್ಕೂ ಹೆಚ್ಚು ಶೈಲಿಗಳಿವೆ. ನಮ್ಮೂರ ದೇವರುಗಳ ಸಂಖ್ಯೆಗೇನೋ ಕಾರಣ ಹೇಳಬಹುದು, ಇದಕ್ಕೆ ಆಗದು.

ಇಷ್ಟು ಕಟ್ಟುನಿಟ್ಟಿನವರು ಹೆಸರಿನ ವಿಷಯಕ್ಕೆ ಬಂದಾಗ ಏನು ಮಾಡುತ್ತಾರೆ ನೋಡಿ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರಿದೆ. ಪಾಟೀಲ, ಕುಲಕರ್ಣಿ, ಹಿರೇಮಠ, ಇವರು ಬಚಾವು. ಹಳೇ ಮೈಸೂರಿನ ಕಡೆಯವರಿಗೆ ಊರು, ಅಪ್ಪ, ತಾನು, ಅಷ್ಟೇ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಹೋಗುತ್ತದೆ. ‘ಮಂಜುನಾಥ ಎಚ್. ಆರ್.’ ಅಂತ ಒಬ್ಬನಿದ್ದಾನೆ ಅಂದುಕೊಳ್ಳಿ. 1985ರಿಂದ ಬಳಕೆಯಲ್ಲಿರುವ ಬಿಬ್‌ಟೆಕ್ಸ್ ಈ ಹೆಸರಿನ ಕೊನೆಯ ತುಂಡನ್ನೇ ಸರ್‌ನೇಮ್ ಎಂದು ನಂಬುತ್ತದೆ. ಪಟ್ಟಿಯಲ್ಲಿ ಅವನು ‘ಆರ್., ಮಂಜುನಾಥ ಎಚ್.’ ಆಗುತ್ತಾನೆ. ಇನ್ನೊಂದು ಕಡೆ ‘ಎಚ್. ಆರ್., ಎಂ.’ ಪಾಸ್‌ಪೋರ್ಟಿಗಾಗಿ ಇನಿಷಿಯಲ್ ಬಿಡಿಸಿ ಬರೆದಿದ್ದರೆ ಅವನ ಪೇಪರೆಲ್ಲ ಅಪ್ಪ ರಂಗಪ್ಪನ ಲೆಕ್ಕಕ್ಕೆ. ಒಬ್ಬನೇ ಮನುಷ್ಯ ಮೂರು ಹೆಸರಿನಡಿ ಹಂಚಿಹೋದ ಮೇಲೆ ಅವನ ಪೇಪರ್ ಎಷ್ಟು, ಯಾರು ಉಲ್ಲೇಖಿಸಿದ್ದಾರೆ ಎಂಬ ಲೆಕ್ಕವೆಲ್ಲ ಚೂರುಚೂರು. ನೌಕರಿಯ ಅರ್ಜಿಯಲ್ಲಿ ಕೇಳುವುದು ಅದೇ ಲೆಕ್ಕವನ್ನು.

ದೊಡ್ಡವರಿಗೂ ಇದು ತಪ್ಪಿಲ್ಲ. ಚಿದಂಬರದಲ್ಲಿ ಹುಟ್ಟಿ 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ವಿಜ್ಞಾನಿಯ ಸ್ವಂತ ಹೆಸರು ವೆಂಕಟರಾಮನ್. ಜಗತ್ತು ಉಲ್ಲೇಖಿಸುವುದು ‘ರಾಮಕೃಷ್ಣನ್, ವಿ.’ ಎಂದು, ಅದು ಅವರ ತಂದೆಯ ಹೆಸರು. ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಮತ್ತು ಬೆಂಗಳೂರಿನ ಸಿ. ಎನ್. ಆರ್. ರಾವ್, ಇಬ್ಬರೂ ವಾಕ್ಯದ ನಡುವೆ ಬರೀ ‘ರಾವ್’. ಸಾಹಿತ್ಯಕ್ಕೆ ಬಂದರಂತೂ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ‘ಅಯ್ಯಂಗಾರ್, ಎಂ. ವಿ.’ ಆಗುತ್ತಾರೆ. ಯಾವ ಕನ್ನಡಿಗ ಮಾಸ್ತಿಯನ್ನು ‘ಅ’ ಅಕ್ಷರದಡಿ ಹುಡುಕುತ್ತಾನೆ?

ಇದಕ್ಕೆ ಪರಿಹಾರ ಗೊತ್ತಿಲ್ಲದ ಕಾಲವೇನಲ್ಲ ಇದು. ಅದೇ 1978ರಲ್ಲಿ ಬಂದ ಆಂಗ್ಲೋ-ಅಮೆರಿಕನ್ ಗ್ರಂಥಸೂಚಿ ನಿಯಮಗಳ ಎರಡನೇ ಆವೃತ್ತಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ಹೆಸರುಗಳಿಗೆಂದೇ ಒಂದು ನಿಯಮವಿದೆ. ಸರ್‌ನೇಮ್ ಇಲ್ಲದವರನ್ನು ಸ್ವಂತ ಹೆಸರಿನಡಿ ದಾಖಲಿಸಿ ಎನ್ನುತ್ತದೆ ಅದು. ಅದಕ್ಕೂ ಬಹಳ ಮೊದಲೇ ಇದೇ ಮದರಾಸಿನಲ್ಲಿ ಎಸ್. ಆರ್. ರಂಗನಾಥನ್ ಇದ್ದರು. ಗಣಿತದ ಮೇಷ್ಟ್ರು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1934ರಲ್ಲಿ ಗ್ರಂಥಸೂಚಿಗೆ ತಮ್ಮದೇ ಸಂಹಿತೆ ಬರೆದರು. ಮುಂದೆ ಬೆಂಗಳೂರಿಗೆ ಬಂದು 1962ರಲ್ಲಿ ಡಿಆರ್‌ಟಿಸಿ ಕಟ್ಟಿ, ಅಲ್ಲೇ ತೀರಿಕೊಂಡರು. ಶಿಯಾಳಿ ಊರು, ರಾಮಾಮೃತ ಅಪ್ಪ, ರಂಗನಾಥನ್ ತಾನು: ಅವರ ಹೆಸರೇ ಪಾಠ. ಓದುಗನ ಸಮಯ ಉಳಿಸುವುದು ಅವರ ನಾಲ್ಕನೇ ಸೂತ್ರ. ಗ್ರಂಥಪಾಲಕರಿಗೆ ಇಷ್ಟು ಹಿಂದೆಯೇ ಅರ್ಥವಾದದ್ದು ಜರ್ನಲ್‌ನವರ ಅರ್ಜಿಯ ಎರಡು ಖಾನೆಗಳಿಗೆ ಇನ್ನೂ ಅರ್ಥವಾಗಿಲ್ಲ. ಸರ್‌ನೇಮ್ ಖಾನೆಗೆ ಕೆಂಪು ನಕ್ಷತ್ರ ಬೇರೆ.

ಶೈಲಿ ಕಡ್ಡಾಯ ಮಾಡದಿದ್ದರೆ ಉಲ್ಲೇಖಗಳಲ್ಲಿ ತಪ್ಪು ತುಂಬಿಕೊಳ್ಳುತ್ತದೆ ಎನ್ನುವ ಹಿರಿಯರಿಗೆ ಒಂದು ಮಾತು. ಇಂದು ಚಾಟ್‌ಜಿಪಿಟಿ ಇಲ್ಲದ ಪೇಪರನ್ನೇ ಸೃಷ್ಟಿಸಿ ಕೊಡುತ್ತದೆ, ಚುಕ್ಕಿ, ಓರೆ ಅಕ್ಷರ, ಆವರಣ ಎಲ್ಲ ಅಚ್ಚುಕಟ್ಟಾಗಿ. ಶೈಲಿ ನೋಡುವ ಕಣ್ಣಿಗೆ ಆ ಸುಳ್ಳು ಪಾಸು. ಡಿಒಐ ಸಂಖ್ಯೆ ಒತ್ತಿ ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ. ಹಾಗಾದರೆ ಮೊದಲ ಸಲಕ್ಕೆ ಡಿಒಐ ಕೇಳಿ, ಹೆಸರು ಪೂರ್ತಿ ಕೇಳಿ, ಉಳಿದದ್ದು ಒಪ್ಪಿಗೆಯಾದ ಮೇಲೆ. ಕೆಲವು ದೊಡ್ಡ ಪ್ರಕಾಶಕರು ಈಗಾಗಲೇ ಮೊದಲ ಸಲ ಯಾವ ಶೈಲಿಯಾದರೂ ಸರಿ ಅನ್ನುತ್ತಿದ್ದಾರೆ. ಅವರ ಆಕಾಶವೇನೂ ಕಳಚಿ ಬಿದ್ದಿಲ್ಲ.

ಅಲ್ಲಿಯವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ಮೊದಲ ಪೇಪರಿಗೆ ಮುಂಚೆಯೇ ಒಂದು ರೂಪ ಆರಿಸಿ, ಅದನ್ನೇ ಕೊನೆವರೆಗೂ ಬಳಸಿ. ಓರ್ಕಿಡ್ ಖಾತೆಯಲ್ಲಿ ಸರ್‌ನೇಮ್ ಕಡ್ಡಾಯವಲ್ಲ, ಖಾಲಿ ಬಿಡಬಹುದು. ಬೇರೆಯವರನ್ನು ಉಲ್ಲೇಖಿಸುವಾಗ ಝೊಟೆರೋದಲ್ಲಿ ಎರಡು ಖಾನೆಯನ್ನು ಒಂದೇ ಖಾನೆಯಾಗಿಸುವ ಗುಂಡಿಯಿದೆ. ಬಿಬ್‌ಟೆಕ್ಸ್‌ನಲ್ಲಿ ಇಡೀ ಹೆಸರಿಗೆ ಇನ್ನೊಂದು ಜೊತೆ ಪುಷ್ಪಾವರಣ ಹಾಕಿದರೆ ಅದು ಒಡೆಯುವುದಿಲ್ಲ. ಇನ್ನು ಪ್ರೂಫ್ ಬಂದಾಗ, ಲೇಖಕರ ಹೆಸರಿನಲ್ಲಿ ಸರ್‌ನೇಮ್ ಯಾವುದೆಂದು ಸರಿಯಾಗಿ ಗುರುತಿಸಿದ್ದೇವೆಯೇ ಎಂಬ ಪ್ರಶ್ನೆ ಇರುತ್ತದೆ. 48 ಗಂಟೆಯ ಗಡುವಿಗೆ ಹೆದರಿ ಎಲ್ಲರೂ ಓಕೆ ಒತ್ತುತ್ತಾರೆ. ಒತ್ತಬೇಡಿ. ನನಗೆ ಸರ್‌ನೇಮ್ ಇಲ್ಲ, ಇದು ನನ್ನ ಹೆಸರು, ಇದು ನಮ್ಮೂರು, ಇದು ನಮ್ಮಪ್ಪ ಎಂದು ಬರೆಯಿರಿ. ಅದನ್ನು ಓದುವವರು ಬಹುಶಃ ನಿಮ್ಮ ರೂಮಿನಿಂದ ನಾಲ್ಕು ಸ್ಟಾಪ್ ಆಚೆ ಕೂತಿರುತ್ತಾರೆ, ಅವರಿಗೂ ಇರುವುದು ಇನಿಷಿಯಲ್ಲೇ.