ಮರೆವೋ, ಮನೋವ್ಯಥೆಯೋ?

ನಿವೃತ್ತರಾದ ಹಿರಿಯರೊಬ್ಬರು ಸಂಜೆಯ ತಿರುಗಾಟವನ್ನು ನಿಲ್ಲಿಸುತ್ತಾರೆ. ವೃತ್ತಪತ್ರಿಕೆ ಮಡಿಸಿದಂತೆಯೇ ಬಿದ್ದಿರುತ್ತದೆ. ನಸುಕಿನ 3 ಗಂಟೆಗೇ ಎಚ್ಚರ, ಊಟದಲ್ಲಿ ರುಚಿಯಿಲ್ಲ. ಏನು ಕೇಳಿದರೂ “ನೆನಪಿಲ್ಲ” ಎಂಬ ಒಂದೇ ಉತ್ತರ. ‘ಅರವತ್ತಕ್ಕೆ ಅರಳುಮರಳು’ ಎಂದುಕೊಂಡು ಮನೆಮಂದಿ ಸುಮ್ಮನಾಗುತ್ತಾರೆ. ಹಿರಿಯರಿಗೆ ಈ ಗಾದೆಯಷ್ಟು ಕೇಡು ಮಾಡಿದ ಗಾದೆ ಇನ್ನೊಂದಿರಲಾರದು.

ಅದು ಅರಳುಮರಳೇ ಆಗಿರಬೇಕೆಂದಿಲ್ಲ. ಖಿನ್ನತೆಯಂತಹ ಮನೋವ್ಯಾಧಿಗಳು ಡಿಮೆನ್ಷಿಯಾದ ವೇಷ ಧರಿಸಿ ಬರಬಲ್ಲವೆಂಬುದನ್ನು ಕಿಲೋ ಎಂಬ ವೈದ್ಯರು 1961ರಲ್ಲಿಯೇ ವಿವರಿಸಿದ್ದರು. ಖಿನ್ನರಾದವರು ಸಾಮಾನ್ಯವಾಗಿ ತಮ್ಮ ಮರೆವನ್ನು ತಾವೇ ಹೇಳಿಕೊಂಡು ಕೊರಗುತ್ತಾರೆ; ಡಿಮೆನ್ಷಿಯಾ ಆವರಿಸಿದವರಿಗೆ ಅನೇಕ ವೇಳೆ ಅದರ ಅರಿವೇ ಇರದು, ಇದ್ದರೂ ಮರೆಮಾಚಲೆತ್ನಿಸುವರು. ಈ ಗುರುತೊಂದನ್ನೇ ನೆಚ್ಚಿ ಮನೆಯಲ್ಲಿಯೇ ತೀರ್ಪು ಕೊಡಲಾಗದು. ಎರಡೂ ಜೊತೆಯಾಗಿ ಬರುವುದುಂಟು.

ಹಾಗಾದರೆ ಒಂದು ಇನ್ನೊಂದಕ್ಕೆ ಕಾರಣವೆ? ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಅನುಸರಿಸಿಕೊಂಡು ಬಂದ ‘ವೈಟ್‌ಹಾಲ್’ ಅಧ್ಯಯನ ಇಲ್ಲಿ ಬೆಳಕು ಚೆಲ್ಲುತ್ತದೆ. 10,000ಕ್ಕೂ ಮಿಕ್ಕ ಜನರ 28 ವರ್ಷಗಳ ವೃತ್ತಾಂತವನ್ನು ಪರಿಶೀಲಿಸಿದ ವರದಿಯೊಂದು 2017ರಲ್ಲಿ ಹೊರಬಂದಿತು. ನಡುವಯಸ್ಸಿನ ಖಿನ್ನತೆಗೂ ಮುಂದಿನ ಡಿಮೆನ್ಷಿಯಾಕ್ಕೂ ಅದರಲ್ಲಿ ನಂಟು ಕಾಣಲಿಲ್ಲ. ಆದರೆ ಮುಂದೆ ಡಿಮೆನ್ಷಿಯಾಕ್ಕೆ ತುತ್ತಾದವರಲ್ಲಿ, ರೋಗ ಪತ್ತೆಯಾಗುವುದಕ್ಕೆ ಸುಮಾರು 11 ವರ್ಷ ಮೊದಲಿನಿಂದಲೇ ಖಿನ್ನತೆಯ ಲಕ್ಷಣಗಳು ಏರತೊಡಗಿದ್ದವು. ಅಂದರೆ, ಮುಪ್ಪಿನಲ್ಲಿ ಹೊಸದಾಗಿ ಕವಿಯುವ ದುಗುಡ ಕೆಲವರಲ್ಲಿ ರೋಗದ ಬೀಜವಲ್ಲ, ಮೊಳಕೆಯೇ ಇರಬಹುದು. ವಾದ ಇಲ್ಲಿಗೇ ಮುಗಿದಿಲ್ಲ. ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗವು 2024ರಲ್ಲಿ ಹೆಸರಿಸಿದ, ತಡೆಯಲು ಸಾಧ್ಯವಿರುವ 14 ಅಪಾಯಕಾರಣಗಳಲ್ಲಿ ಕಿವುಡು, ಒಂಟಿತನಗಳೊಡನೆ ಖಿನ್ನತೆಯೂ ಸೇರಿದೆ.

ಖಿನ್ನತೆಯನ್ನು ಗುಣಪಡಿಸಿದರೆ ಡಿಮೆನ್ಷಿಯಾ ಖಂಡಿತ ತಪ್ಪುವುದೆಂದು ಹೇಳುವಷ್ಟು ಆಧಾರವಿಲ್ಲ. ಹಾಗೆ ಭರವಸೆ ಕೊಡುವವರನ್ನು ದೂರವಿಡುವುದು ಲೇಸು. ಖಿನ್ನತೆಗಂತೂ ಎಪ್ಪತ್ತು ಎಂಬತ್ತರ ಪ್ರಾಯದಲ್ಲಿಯೂ ಚಿಕಿತ್ಸೆಯುಂಟು, ಗುಣವೂ ಉಂಟು. ಥೈರಾಯಿಡ್ ಗ್ರಂಥಿಯ ಆಲಸ್ಯ, ಬಿ-12 ಜೀವಸತ್ವದ ಕೊರತೆ, ಸೇವಿಸುತ್ತಿರುವ ನಿದ್ರೆಯ ಮಾತ್ರೆ, ಇವೂ ಬುದ್ಧಿಯನ್ನು ಮಂಕಾಗಿಸಬಲ್ಲವು. ಸರಳ ಪರೀಕ್ಷೆಗಳಿಂದ ಇವುಗಳನ್ನು ಪತ್ತೆಹಚ್ಚಬಹುದು.

ವೈದ್ಯರಲ್ಲಿಗೆ ಹೋಗುವಾಗ ಹಿರಿಯರೊಡನೆ ಮನೆಯವರೊಬ್ಬರು ಇರಬೇಕು. ಮೊದಲು ಬಂದುದು ಮರೆವೋ ದುಗುಡವೋ, ತಿರುಗಾಟ ನಿಂತುದು ಯಾವ ತಿಂಗಳಲ್ಲಿ, ಸಂಗಾತಿಯ ಮರಣಕ್ಕೆ ಮುನ್ನವೋ ತರುವಾಯವೋ ಎಂಬುದನ್ನು ಯಾವ ಯಂತ್ರವೂ ತಿಳಿಸದು. ಒಂದೇ ಸೂರಿನಡಿ ಬಾಳಿದವರೇ ತಿಳಿಸಬೇಕು.