‘ರೇರ್’ ಮತ್ತು ನಮ್ಮ ಅಪರೂಪ

ಇಂಗ್ಲಿಷ್ ಪರೀಕ್ಷೆಯ ಪ್ರಬಂಧದಲ್ಲಿ ನಮ್ಮೂರನ್ನು ವರ್ಣಿಸುತ್ತ, ಬೇಸಿಗೆಯಲ್ಲಿ ಅಲ್ಲಿ ನೀರು ‘ರೇರ್’ ಎಂದು ಬರೆದೆ. ಅಧ್ಯಾಪಕರು ಆ ಪದದ ಕೆಳಗೆ ಕೆಂಪು ಗೆರೆ ಎಳೆದು, ಮೇಲೆ ‘ಸ್ಕೇರ್ಸ್’ ಎಂದು ತಿದ್ದಿದರು. ಅರ್ಧ ಅಂಕವೂ ಹೋಯಿತು. ನಾಲ್ಕು ದಿನಕ್ಕೊಮ್ಮೆ ಕೊಳಾಯಿಯಲ್ಲಿ ನೀರು ಕಾಣುವ ಊರಿನವನಿಗೆ ಇದು ಅನ್ಯಾಯವೆಂದೇ ತೋರಿತು. ನಾಲ್ಕು ದಿನಕ್ಕೊಮ್ಮೆ ಬರುವುದು ಅಪರೂಪವಲ್ಲದೆ ಮತ್ತೇನು?

ತರುವಾಯ ಯೋಚಿಸಿದಾಗ ಕೆಂಪು ಗೆರೆಯೇ ಸರಿ ಎನಿಸಿತು. ಬೇಕಾದಷ್ಟು ಸಿಗದಿರುವುದು ಸ್ಕೇರ್ಸ್; ಎಲ್ಲೋ ಒಂದು, ಎಂದೋ ಒಮ್ಮೆ ಕಾಣುವುದು ರೇರ್. ಒಂದೇ ಸ್ಥಳದಲ್ಲಿ ಪೂರ್ಣ ಸೂರ್ಯಗ್ರಹಣ ಕಾಣುವುದು ಸರಾಸರಿ ಸುಮಾರು 375 ವರ್ಷಕ್ಕೊಮ್ಮೆ. ಅದು ರೇರ್ ನಿಜ, ಆದರೆ ಗ್ರಹಣ ಸಾಲದೆಂದು ಯಾರೂ ಕೊರಗುವುದಿಲ್ಲ. ಬರಗಾಲದ ಅಕ್ಕಿ ಹಾಗಲ್ಲ. ಅದಕ್ಕೆ ಅಭಾವ ಬಂದೀತು, ಅದು ವಿರಳ ವಸ್ತುವಾಗದು.

ನಾನು ಎಡವಿದ್ದು ಇಂಗ್ಲಿಷಿನಲ್ಲಿ ಅಲ್ಲ, ‘ಅಪರೂಪ’ದಲ್ಲಿ. ಈ ಪದದ ಚರಿತ್ರೆಯೇ ವಿಚಿತ್ರ. ಸಂಸ್ಕೃತದಲ್ಲಿ ಇದಕ್ಕೆ ವಿಕಾರರೂಪ ಎಂದರ್ಥ. ಬಂಗಾಳಿಗಳಿಗೆ ಇದು ಅತಿಶಯವಾದ ಚೆಲುವು. ನಮಗೆ ಎಂದೋ ಒಮ್ಮೆ ಕಾಣಸಿಗುವುದು. ಅದೂ ಬರಿಯ ಎಣಿಕೆಯಲ್ಲ. ಬಹುಕಾಲದ ಮೇಲೆ ಬಂದ ನೆಂಟರಿಗೆ ನಮ್ಮಜ್ಜಿ, “ಏನು, ಬಹಳ ಅಪರೂಪವಾಗಿಬಿಟ್ಟಿರಿ!” ಎಂದು ಮಣೆ ಹಾಕುವಾಗ ಅದರಲ್ಲಿ ಆಕ್ಷೇಪಣೆ ಎಷ್ಟು, ಅಕ್ಕರೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ರೇರ್‌ಗೆ ಮೂಲವಾದ ಲ್ಯಾಟಿನ್ನಿನ ‘ರಾರುಸ್’ ಪದದಲ್ಲಿ ಇಂಥ ಅಕ್ಕರೆಯೇನೂ ಇಲ್ಲ. ಒತ್ತಾಗಿಲ್ಲದ್ದು, ನಡುನಡುವೆ ತೆರಪುಳ್ಳದ್ದು ಎಂದಷ್ಟೇ ಅದರ ಅರ್ಥ. ನಮ್ಮ ‘ವಿರಳ’ವೂ ಅಕ್ಷರಶಃ ಅದೇ. ಎಡೆಬಿಡದೆ ಇರುವುದನ್ನು ‘ಅವಿರಳ’ ಎನ್ನುವುದು ಆದಕಾರಣವೇ.

ಇದು ಕೇವಲ ನಿಘಂಟಿನ ಜಗಳವಾಗಿದ್ದರೆ ಸಂಪಾದಕರಿಗೆ ತೊಂದರೆ ಕೊಡುತ್ತಿರಲಿಲ್ಲ. 1980ರಲ್ಲಿ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆ ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಆದರೆ ‘ರೇರೆಸ್ಟ್ ಆಫ್ ರೇರ್’ ಪ್ರಕರಣಗಳಲ್ಲಿ, ಬೇರೆ ಶಿಕ್ಷೆಯ ದಾರಿ ನಿಸ್ಸಂದೇಹವಾಗಿ ಮುಚ್ಚಿಹೋದಾಗ ಮಾತ್ರ, ಅದನ್ನು ವಿಧಿಸಬೇಕೆಂದಿತು. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರ ಅಭಿಪ್ರಾಯವದು, ಪಿ. ಎನ್. ಭಗವತಿಯವರು ಒಪ್ಪಲಿಲ್ಲ. ಅಂದಿನಿಂದ ಒಂದು ಸಾಮಾನ್ಯ ಗುಣವಾಚಕದ ಮೇಲೆ ಮನುಷ್ಯರ ಜೀವ ನಿಂತಿದೆ.

ಈ ಮಾತನ್ನು ಕನ್ನಡದಲ್ಲಿ ‘ಅಪರೂಪದಲ್ಲಿ ಅಪರೂಪ’ ಎಂದು ಬರೆಯುವುದುಂಟು. ಅದನ್ನು ಓದಿದ ಕೂಡಲೇ ನನ್ನ ಮನಸ್ಸು ಅಪರಾಧದ ಕಡೆಗೆ ಓಡುತ್ತದೆ: ಎಂಥ ಘೋರ, ಹಿಂದೆಂದೂ ಕೇಳರಿಯದ ಕೃತ್ಯವೋ ಎಂದು! ಅಪರಾಧದ ಕ್ರೌರ್ಯವನ್ನು ನ್ಯಾಯಾಲಯವು ತೂಗಬಾರದೆಂದು ನಾನು ಹೇಳುತ್ತಿಲ್ಲ. ಆದರೆ ರೇರ್ ಎಂದರೆ ಕ್ರೂರ ಎಂದಲ್ಲ. ಆ ಶಿಕ್ಷೆಯನ್ನು ಎಷ್ಟು ಕಡಿಮೆ ಸಲ, ಎಷ್ಟು ಹಿಂಜರಿದು ವಿಧಿಸಬೇಕೆಂಬುದೇ ಆ ಮಾತಿನ ತಿರುಳು. ಆ ಹಿಂಜರಿಕೆ ನಮ್ಮ ಭಾಷಾಂತರದಲ್ಲಿ ಜಾರಿಹೋಗುತ್ತದೆ. ಮೇಲಾಗಿ, ನೆಂಟರಿಗೆ ಹೇಳುವ ಮಾತನ್ನು ನೇಣಿನ ಪಕ್ಕದಲ್ಲಿ ಓದುವುದಕ್ಕೆ ನನಗಂತೂ ಮುಜುಗರ.

‘ವಿರಳಾತಿವಿರಳ’ ಎಂದರೆ ಒಳ್ಳೆಯದೆಂದು ನನ್ನ ಮತ. ಇದು ಪಂಡಿತರ ಮಾತಾಯಿತು, ಸಂತೆಯಲ್ಲಿ ಯಾರಿಗೂ ತಿಳಿಯದು ಎಂದು ಹಾಸ್ಟೆಲಿನ ಗೆಳೆಯರು ನಗುತ್ತಾರೆ. ಇದ್ದೀತು, ಇದಕ್ಕಿಂತ ಒಳ್ಳೆಯ ಮಾತು ಕನ್ನಡ ವಿಭಾಗದ ಗುರುಗಳಿಗೆ ತೋಚಿದರೆ ನನ್ನದನ್ನು ಸಂತೋಷದಿಂದ ಹಿಂತೆಗೆದುಕೊಳ್ಳುತ್ತೇನೆ.