ತೂಕ ಇಳಿಸುವ ಶಸ್ತ್ರಕ್ರಿಯೆ: ಮೊದಲು ಕೇಳಬೇಕಾದ ಪ್ರಶ್ನೆ



ಚಿಕಿತ್ಸೆಗೆ ಮಂಗಳೂರನ್ನು ನಂಬಿರುವ ನಮ್ಮ ಕಾಸರಗೋಡಿನ ಕುಟುಂಬಗಳಲ್ಲೂ ತೂಕ ಇಳಿಸುವ ಆಪರೇಶನ್ನಿನ ಮಾತು ಕೇಳಿಬರುತ್ತಿದೆ. ಖರ್ಚೆಷ್ಟು, ಎಷ್ಟು ಕಿಲೋ ಇಳಿದೀತು ಎಂದು ವಿಚಾರಿಸುವವರೇ ಹೆಚ್ಚು. ಆಪರೇಶನ್ ಆದ ಮೇಲೆ ಜೀವಮಾನವಿಡೀ ಪಾಲಿಸಬೇಕಾದ ಪಥ್ಯ, ಮಾತ್ರೆ, ರಕ್ತಪರೀಕ್ಷೆ ತಮ್ಮಿಂದ ಸಾಧ್ಯವೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ.

ಈಗ ಹೆಚ್ಚಾಗಿ ನಡೆಯುವುದು ಎರಡು ವಿಧ. 'ಸ್ಲೀವ್' ಕ್ರಮದಲ್ಲಿ ಜಠರದ ಮುಕ್ಕಾಲು ಪಾಲಿನಷ್ಟನ್ನು ಕತ್ತರಿಸಿ ತೆಗೆಯುತ್ತಾರೆ. ಹಸಿವು ತಗ್ಗುತ್ತದೆ, ಆದರೆ ತೆಗೆದದ್ದು ಮರಳಿ ಬಾರದು. ಎದೆಯುರಿ, ಹುಳಿತೇಗು ಇದ್ದವರಿಗೆ ಅದು ಉಲ್ಬಣಿಸಬಹುದು. 'ಬೈಪಾಸ್'ನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವನ್ನು ಮಾಡಿ, ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎದೆಯುರಿ ಇರುವವರಿಗೂ ಸಕ್ಕರೆ ಕಾಯಿಲೆ ಬಲವಾಗಿರುವವರಿಗೂ ಸಾಮಾನ್ಯವಾಗಿ ಇದೇ ಅನುಕೂಲ. ಆದರೆ ಕಬ್ಬಿಣ, ಕ್ಯಾಲ್ಸಿಯಂ, ಬಿ12 ಕೊರತೆಯ ಭಯ ಇದರಲ್ಲಿ ಹೆಚ್ಚು. ಪಾಯಸದಂಥ ಸಿಹಿ ತಿಂದರೆ ಬೆವರು, ತಲೆಸುತ್ತು, ಭೇದಿ ಬರಬಹುದು. ಮದ್ಯವಂತೂ ಬೇಗನೆ ತಲೆಗೇರುತ್ತದೆ. ಸ್ಲೀವ್ ಆದವರಿಗೂ ಮಾತ್ರೆ, ಪರೀಕ್ಷೆ ತಪ್ಪದು.

ಕಿಲೋ ಲೆಕ್ಕದಲ್ಲಿ ಅಂತರ ಬಹಳವಿಲ್ಲ. 2018ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಂತೆ, 5 ವರ್ಷಗಳ ಬಳಿಕ ಸ್ಲೀವ್ ಆದವರು ತಮ್ಮ ಹೆಚ್ಚುವರಿ ತೂಕದಲ್ಲಿ ಶೇ. 49ನ್ನೂ ಬೈಪಾಸ್ ಆದವರು ಶೇ. 57ನ್ನೂ ಕಳೆದುಕೊಂಡಿದ್ದರು. ಆದುದರಿಂದ ಆಯ್ಕೆ ನಡೆಯಬೇಕಾದುದು ರೋಗಿಯ ಇತರ ಕಾಯಿಲೆಗಳನ್ನು ನೋಡಿ.

ಹೊಟ್ಟೆ ಕೊಯ್ಯದೆ ಜಠರದಲ್ಲಿರಿಸುವ ಬಲೂನನ್ನು ಸಾಮಾನ್ಯವಾಗಿ 6 ತಿಂಗಳೊಳಗೆ ತೆಗೆಯಬೇಕು. 2025ರಲ್ಲಿ ಭಾರತಕ್ಕೆ ಬಂದ ವೆಗೋವಿ, ಮೌಂಜಾರೋ ಚುಚ್ಚುಮದ್ದುಗಳನ್ನು ವಾರಕ್ಕೊಮ್ಮೆ ಹಾಕಿಕೊಳ್ಳಬೇಕು. ಇವೆರಡರಲ್ಲೂ, ನಿಲ್ಲಿಸಿದ ಬಳಿಕ ಇಳಿದ ತೂಕ ಬಹುಮಟ್ಟಿಗೆ ಮರಳುವುದೇ ಹೆಚ್ಚು.

ಹಣದ ವಿಷಯದಲ್ಲೂ ಎಚ್ಚರ ಬೇಕು. ತೂಕವನ್ನು ಕಿಲೋದಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಸಿಗುವುದೇ ಬಿ.ಎಂ.ಐ. ಏಷ್ಯಾದವರಿಗೆ ಇದು 27.5 ದಾಟಿದರೆ ಶಸ್ತ್ರಕ್ರಿಯೆಯನ್ನು ಪರಿಗಣಿಸಬಹುದೆಂದು 2022ರ ಅಂತಾರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಆದರೆ ನಮ್ಮ ದೇಶದ ವಿಮೆ ಸಾಮಾನ್ಯವಾಗಿ 40, ಇಲ್ಲವೇ ಗಂಭೀರ ಕಾಯಿಲೆಯಿದ್ದು 35 ಇದ್ದರಷ್ಟೇ ಹಣ ಕೊಡುತ್ತದೆ. ಚಿನ್ನ ಅಡವಿಡುವ ಮೊದಲು ವಿಮೆಯ ಕಾಗದ ಓದಿಸಿಕೊಳ್ಳಿ.

2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಮಂಗಳೂರಿನಲ್ಲಿ ಆಪರೇಶನ್ ಮಾಡಿಸಿಕೊಂಡವರು ಅದರ ವಿವರಗಳನ್ನು ಕೈಯಲ್ಲಿಟ್ಟುಕೊಂಡು, ಮುಂದಿನ ಪರೀಕ್ಷೆಗಳನ್ನು ಊರ ಹತ್ತಿರವೇ ನೋಡಿಕೊಳ್ಳುವ ವೈದ್ಯರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.

ಇನ್ನೊಂದು ಮಾತು. ಸ್ಥೂಲಕಾಯ ಹೊಟ್ಟೆಬಾಕತನದ ಶಿಕ್ಷೆಯಲ್ಲ, ಅದೊಂದು ಕಾಯಿಲೆ. ದಪ್ಪಗಿರುವವರನ್ನು ಮನೆಯವರೇ ಹಾಸ್ಯ ಮಾಡಿದರೆ ಅವರು ಜಾಹೀರಾತನ್ನು ನಂಬಿ ಓಡುತ್ತಾರೆ. ಹಾಸ್ಯ ಬಿಟ್ಟು, ವೈದ್ಯರಲ್ಲಿಗೆ ಅವರ ಜೊತೆಗೆ ಹೋಗೋಣ.